ಬೀಗದಣ್ಣನಿಗೆ ಬಂದ ಫೋನು

ಬೀಗದಣ್ಣ ತೀರಿಹೋಗಿ ಇವತ್ತಿಗೆ ಹದಿನೇಳು ದಿನ. ಕೀಲಿ ಕಳೆದುಕೊಂಡವರೆಲ್ಲ ಹುಡುಕಿಕೊಂಡು ಬರುತ್ತಿದ್ದದ್ದು ಅವನನ್ನೇ. ನನಗೆ ಮೂವತ್ತು ವರ್ಷದ ಗೆಳೆಯ. ಅವನ ಬಗ್ಗೆ ಬರೆಯಲು ಕೂತರೆ ಕಳೆದ ವರ್ಷದ ಒಂದು ಮಧ್ಯಾಹ್ನವೇ ಮುಂದೆ ಬಂದು ನಿಲ್ಲುತ್ತದೆ.

ಅವನ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಗೋಡೆ ತುಂಬ ಕೀಲಿ, ಕೂರಲು ಒಂದೇ ಸ್ಟೂಲು. ಹಗಲು ಹೊತ್ತಿನಲ್ಲಿ ಶಟರ್ ಅರ್ಧಕ್ಕಿಳಿದದ್ದು ಕಂಡು ಬಗ್ಗಿ ನೋಡಿದೆ. ಫೋನನ್ನು ಎದುರಿಗೆ ನಿಲ್ಲಿಸಿಕೊಂಡು ಕೈಕಟ್ಟಿ ಕೂತಿದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನನ್ನನ್ನು ಕಂಡವನೇ ಹೋಗು ಹೋಗು ಎಂದು ಸನ್ನೆ ಮಾಡಿದ.

ಫೋನಿನಲ್ಲಿ ಪೊಲೀಸ್ ಅಂಗಿ ತೊಟ್ಟ ಒಬ್ಬ. "ಯಾರದು ಪಕ್ಕದಲ್ಲಿ? ಫೋನ್ ಇಟ್ಟೆಯೋ, ಅರೆಸ್ಟ್!"

ಬೀಗದಣ್ಣ ಬೀಗ ತೆಗೆದುಕೊಟ್ಟ ಮನೆಯೊಂದರಲ್ಲಿ ಕಳ್ಳತನವಾಗಿದೆಯಂತೆ. ಬ್ಯಾಂಕಿನಲ್ಲಿರುವುದನ್ನೆಲ್ಲ ಪರಿಶೀಲನೆಗೆ ಕಳಿಸಿದರೆ ಸಂಜೆಯೊಳಗೆ ವಾಪಸ್ಸಂತೆ. ಅದು ಅವನ ಹೆಂಡತಿಯ, ನಾನು ಅತ್ತಿಗೆ ಎನ್ನುವವರ, ಕಣ್ಣಿನ ಆಪರೇಷನ್ನಿಗೆ ಕೂಡಿಟ್ಟ ಹಣ. ಮುಂದಿನ ವಾರವೇ ಆಸ್ಪತ್ರೆಗೆ ಸೇರಬೇಕಿತ್ತು.

ಬೇರೆಯವರಾದರೆ ನಕ್ಕು ಫೋನಿಡುತ್ತಿದ್ದರೇನೋ. ಬೀಗ ತೆಗೆಯುವವನ ಹೊಟ್ಟೆಯೊಳಗೆ ಈ ಭಯ ಸದಾ ಇರುತ್ತದೆ: ನಾನು ತೆಗೆದ ಬಾಗಿಲು ನಿಜಕ್ಕೂ ಅವರದೇ ಆಗಿತ್ತೇ? ಹಣ ಕಳಿಸಲು ಅವನ ಬೆರಳು ಆಗಲೇ ಫೋನಿನ ಕಡೆ ಹೊರಟಿತ್ತು.

"ಯಾವ ಮನೆ ಅಂತಾದ್ರೂ ಕೇಳೋ, ಪುಣ್ಯಾತ್ಮ!" ಎಂದೆ.

ಅವನು ಫೋನಿನತ್ತ ಬಾಗಿದ. "ಸಾರ್... ಯಾವ ಬೀಗ ಸಾರ್ ಅದು? ಬಾಗಿಲೊಳಗಿರೋದಾ, ನೇತಾಕೋದಾ?"

ಆಚೆಯವನು ಕಾಲರ್ ಸರಿಮಾಡಿಕೊಂಡ. "ದೊಡ್ಡ ಬೀಗ. ಎದುರು ಮಾತಾಡ್ತೀಯಾ?"

"ಅಕ್ಕಪಕ್ಕದವರೊಬ್ಬರು ನಿಂತು ಹೌದು, ಇವರದೇ ಮನೆ ಅನ್ನದೆ ನಾನು ಬೀಗ ಮುಟ್ಟಲ್ಲ ಸಾರ್. ಅವರ ಸಹಿ ನನ್ನ ಪುಸ್ತಕದಲ್ಲಿರುತ್ತೆ. ಯಾರ ಸಹಿ ನೋಡ್ಲಿ?"

"ಪುಸ್ತಕ ಗಿಸ್ತಕ ಬೇಡ! ಯಾರಿಗೂ ಹೇಳದೆ ಮೊದಲು ಹಣ ಕಳಿಸು!"

ಬೀಗದಣ್ಣ ತಲೆಯೆತ್ತಿದ. "ಯಾರಿಗೂ ಹೇಳ್ಬೇಡ, ಬೇಗ ತೆಗಿ ಅಂತ ಬರೋರು ಮನೆಯವರಲ್ಲ ಸಾರ್. ಕಳ್ಳರು." ಫೋನ್ ಕಟ್ ಮಾಡಿದ.

ಆದರೂ "ನಿಜವಾದ ಪೊಲೀಸೇ ಆಗಿದ್ರೆ?" ಎಂದು ದಾರಿಯುದ್ದಕ್ಕೂ ಕೇಳುತ್ತಾ ಠಾಣೆಗೆ ಬಂದ. ಮೇಜಿನ ಹಿಂದಿದ್ದವರು ಆ ನಂಬರು ಬರೆದುಕೊಂಡು, "ಫೋನಲ್ಲೇ ಅರೆಸ್ಟ್ ಮಾಡೋ ಹಾಗಿದ್ರೆ ನಾವ್ಯಾಕಣ್ಣಾ ಬಿಸಿಲಲ್ಲಿ ಅಲೀತಿದ್ವಿ? ದುಡ್ಡು ಕೇಳಿದ ಕೂಡಲೇ ಫೋನ್ ಇಟ್ಬಿಡಬೇಕಿತ್ತು" ಎಂದರು. ಅವನು ನಗಲಿಲ್ಲ. ವಾರವಿಡೀ ಫೋನ್ ಸದ್ದಾದಾಗಲೆಲ್ಲ ಬೆಚ್ಚುತ್ತಿದ್ದ. ಆಸ್ಪತ್ರೆಯಲ್ಲಿ ಹಣ ಕಟ್ಟಿದ ರಸೀದಿ ಕೈಗೆ ಬಂದ ಮೇಲೆಯೇ ಅವನು ಸರಿಯಾಗಿ ಉಸಿರು ಬಿಟ್ಟದ್ದು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅತ್ತಿಗೆ ಅವನನ್ನೇ ದಿಟ್ಟಿಸಿ, "ಏನ್ರೀ ಇದು, ತಲೆ ಯಾವಾಗ ಇಷ್ಟು ಬೆಳ್ಳಗಾಯ್ತು?" ಎಂದು ಗದರಿದರು. ಅವನು ತಪ್ಪು ಮಾಡಿದವನಂತೆ ತಲೆ ಸವರಿಕೊಂಡ.

ಆಮೇಲೆ ಹನ್ನೊಂದು ತಿಂಗಳು ಅವರು ಅವನನ್ನು ಕಣ್ತುಂಬ ನೋಡಿದರು.