ಅಂಚಿನ ಇರುವೆಗಳು

ಬೀದಿಯವರಿಗೆಲ್ಲ ಅವರು ಗೋಂದಜ್ಜ. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವರ ಕಸುಬು; ಕೆಳಗೆ ಅಂಗಡಿ, ಮೇಲೆ ಮನೆ. ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಗೋಂದು. ‘ಕೈ ಹಿಡಿದ್ರು, ಬಿಡಿಸ್ಕೊಳ್ಳೋಕೆ ಆಗ್ಲೇ ಇಲ್ಲ’ ಎಂದು ಅಜ್ಜಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಬಿಡಿ ಹಾಳೆಗಳ ಕಂತೆಯಾಗಿ ಬಂದ ಪುಸ್ತಕ ಅವರ ಕೈ ದಾಟಿತೆಂದರೆ ಇನ್ನೊಂದು ತಲೆಮಾರಿಗೆ ಚಿಂತೆಯಿಲ್ಲ. ಹಾಗೆ ಕಟ್ಟಿದ ತಮ್ಮ ಸ್ವಂತ ಪುಸ್ತಕಗಳನ್ನು ಮೇಲಿನ ನಡುಮನೆಯ ಗಾಜಿನ ಬೀರುವಿನಲ್ಲಿ ಎತ್ತರದ ಪ್ರಕಾರ ಜೋಡಿಸಿ, ಬೀಗ ಹಾಕಿ, ಕೀಲಿಯನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಧೂಳು, ಬಿಸಿಲು, ಎಣ್ಣೆಗೈ, ಮಕ್ಕಳು: ಪುಸ್ತಕದ ಶತ್ರುಗಳನ್ನು ಅವರು ಹೇಳುತ್ತಿದ್ದ ಕ್ರಮ ಇದು. ಹೋಗುತ್ತ ಹೋಗುತ್ತ ಅಪಾಯ ಹೆಚ್ಚು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆಯ ಲೆಕ್ಕ ಬೇರೆ. ಮಗಳು ತೆವಳಲು ಕಲಿತಾಗಲೇ ಒಂದು ಬುಟ್ಟಿ ತಂದು ನೆಲದ ಮೇಲಿಟ್ಟು, ಅದರ ತುಂಬ ಚಿತ್ರಪುಸ್ತಕ ಹಾಕಿದ್ದಳು. ಮನೆಯವರೆಲ್ಲ ಗುಬ್ಬಿ ಎಂದು ಕರೆಯುವ ಆ ಮಗಳು ಅವನ್ನು ಚೀಪಿದಳು, ಗೊಂಬೆಗೆ ಹೊದಿಸಿದಳು, ಅವುಗಳ ಮೇಲೆ ಕೂತಳು, ಈಗ ಐದು ತುಂಬುವ ಹೊತ್ತಿಗೆ ಅಕ್ಷರ ಕೂಡಿಸಿಕೊಂಡು ಕೂಡಿಸಿಕೊಂಡು ಓದುತ್ತಲೂ ಇದ್ದಳು. ಬುಟ್ಟಿಯ ಕಡೆ ನೋಡಿದಾಗಲೆಲ್ಲ ಗೋಂದಜ್ಜ ಹರಿದ ಹಾಳೆಗಳನ್ನು ಎಣಿಸುತ್ತಿದ್ದರು. ಪುಸ್ತಕದ ಜಾಗ ಬೀರು, ಬುಟ್ಟಿಯಲ್ಲ ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ಬಾಯಿಬಿಟ್ಟು ಹೇಳಿಯೂಬಿಟ್ಟರು.

“ಮಾವ, ನಿಮ್ಮ ಮಗ ಚಿಕ್ಕಂದಿನಲ್ಲೆಲ್ಲ ಆ ಬೀರು ಮುಂದೇನೇ ನಿಂತಿರ್ತಿದ್ರಂತೆ,” ಎಂದಳು ಸೊಸೆ. “ಯಾವ ಪುಸ್ತಕದ ಬೆನ್ನು ಯಾವ ಬಣ್ಣ ಅಂತ ಈಗ್ಲೂ ಕಣ್ಮುಚ್ಚಿ ಹೇಳ್ತಾರೆ. ಒಳಗೇನಿದೆ ಅಂತ ಮಾತ್ರ ಕೇಳ್ಬೇಡಿ.”

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಗೋಂದಜ್ಜನಿಗೆ ಮಾತು ನಾಟಿತ್ತು. ಮೊಮ್ಮಗಳೂ ಪುಸ್ತಕದ ಬೆನ್ನನ್ನಷ್ಟೇ ಬಲ್ಲವಳಾಗಬಾರದು. ಹಾಗೆಂದು ಪುಸ್ತಕ ಹರಿದು ಚಿಂದಿಯಾಗುವುದನ್ನು ನೋಡುತ್ತ ಕೂರುವುದೂ ಅವರಿಂದಾಗದು. ತಮಗೆ ಗೊತ್ತಿದ್ದ ಒಂದೇ ಉಪಾಯವನ್ನು ಅವರು ಮಾಡಿದರು.

ಗುಬ್ಬಿಯ ಪ್ರಾಣವೆಂದರೆ ಆನೆಯೊಂದು ಬೂಟು ಕೊಳ್ಳಲು ಪೇಟೆಗೆ ಹೋಗುವ ಪುಸ್ತಕ. ಗೋಂದಜ್ಜ ಅದನ್ನು ಓದಿರಲಿಲ್ಲ. ಅದರ ಗಾಯಗಳಷ್ಟೇ ಅವರಿಗೆ ಗೊತ್ತು. ಅವಳು ಶಾಲೆಗೆ ಹೋಗಿದ್ದಾಗ ಅದನ್ನು ಕೆಳಗೆ ಒಯ್ದು ಹೊಲಿದರು, ಗೋಂದು ಹಚ್ಚಿ ಒತ್ತಿಟ್ಟರು. ಚೀಪಿ ಮುದುಡಿದ ಅಂಚುಗಳನ್ನು ಮೂರೂ ಕಡೆ ಬೆರಳಗಲ ಕತ್ತರಿಸಿ ನೇರ ಮಾಡಿದರು. ಕೆಂಪು ಬಟ್ಟೆಯ ಬೆನ್ನು, ಗಟ್ಟಿ ರಟ್ಟು. ಅಜ್ಜಿ ಕೈಯಲ್ಲಿ ತೂಗಿ ನೋಡಿ, ಮೂಗಿಗಿಂತ ಮೂಗುತಿಯೇ ಭಾರವಾಯಿತಲ್ಲ ಎಂದರು.

ಸಂಜೆ ಗುಬ್ಬಿ ಒಂದು ಪುಟ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು. ಮೂಲೆಗಳನ್ನೇ ನೋಡುತ್ತಿದ್ದಳು.

“ಇರುವೆ ಎಲ್ಲಿ ಅಜ್ಜ?”

ಆಗ ತಿಳಿಯಿತು. ಆನೆಯ ಜೊತೆ ಒಂದು ಇರುವೆಯೂ ಪೇಟೆಗೆ ಹೊರಟಿತ್ತು. ಪುಟಪುಟದ ಅಂಚಿನಲ್ಲೂ ಎಲ್ಲೋ ಒಂದು ಕಡೆ ಅಡಗಿರುತ್ತಿತ್ತು; ಅದನ್ನು ಹುಡುಕುವುದೇ ಗುಬ್ಬಿಯ ಓದು. ಅವಳು ಪುಸ್ತಕ ಮುಚ್ಚಿ ಅಜ್ಜನ ತೊಡೆಯ ಮೇಲಿಟ್ಟಳು.

“ಇದು ನಿನ್ನ ಪುಸ್ತಕ. ನಿನ್ನ ಬೀರುವಲ್ಲೇ ಇಟ್ಕೋ.”

ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಬುಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಅತ್ತಿದ್ದರೆ ವಾಸಿಯಿತ್ತು ಎನಿಸಿತು ಗೋಂದಜ್ಜನಿಗೆ.

ಮರುದಿನ ರಜೆ. ಬೆಳಿಗ್ಗೆ ಅವರು, ಕತ್ತರಿಸಿದ ಅಂಚುಗಳೆಲ್ಲ ಬಿದ್ದಿದ್ದ ಅಂಗಡಿಯ ಚೂರುಕಾಗದದ ಮೂಟೆಯನ್ನು ಹೊತ್ತು ತಂದು ನಡುಮನೆಯಲ್ಲಿ ಸುರಿದುಬಿಟ್ಟರು. ಈಗಷ್ಟೇ ಗುಡಿಸಿದ್ದ ನೆಲ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತರು, ಆಮೇಲೆ ತಾವೂ ಕೂತರು. ದಪ್ಪ, ನುಣುಪು ಕಾಗದದ ಪಟ್ಟಿಗಳನ್ನಷ್ಟೇ ಆರಿಸಿ ಎಂದು ಗೋಂದಜ್ಜ ಕ್ರಮ ಹೇಳಿಕೊಟ್ಟರು. ಎಲ್ಲರಿಗಿಂತ ಹೆಚ್ಚು ಇರುವೆ ಹಿಡಿದವನು ಮಗ. ದೂರದಿಂದ ಬಣ್ಣ ಗುರುತಿಸಿ ಪಳಗಿದ ಕಣ್ಣು ಅಂತೂ ಉಪಯೋಗಕ್ಕೆ ಬಂತೆಂದು ಸೊಸೆ ಕಿಚಾಯಿಸಿದಳು. ಕೆಲವು ಇರುವೆ ಇಡಿಯಾಗಿದ್ದವು. ಕೆಲವಕ್ಕೆ ತಲೆ ಒಂದು ಪಟ್ಟಿಯಲ್ಲಿ, ಹಿಂಭಾಗ ಇನ್ನೊಂದರಲ್ಲಿ. ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ಗುಬ್ಬಿ, ಅಜ್ಜಿ ಒಂದು ತಲೆಯನ್ನು ತಪ್ಪು ಸೊಂಟಕ್ಕೆ ಜೋಡಿಸುವುದನ್ನು ತಡೆಯಲಾರದೆ ಓಡಿಬಂದಳು.

ಅಂಟಿಸುವಾಗ ಗೋಂದಜ್ಜ ಅಳತೆಪಟ್ಟಿ ಹಿಡಿದು, ಯಾವ ಇರುವೆ ಮೊದಲು ಎಲ್ಲಿತ್ತೆಂದು ಲೆಕ್ಕ ಹಾಕತೊಡಗಿದರು. ಅಂಚೇ ಇಲ್ಲದ ಮೇಲೆ ಅಳತೆ ಎಲ್ಲಿಂದ? ಗುಬ್ಬಿ ಕಾಯಲಿಲ್ಲ. ಒಂದನ್ನು ಆನೆಯ ಕಿವಿಯ ಮೇಲೆ ಹತ್ತಿಸಿದಳು, ಒಂದನ್ನು ಬೂಟಿನೊಳಗೆ ಇಳಿಸಿದಳು, ಒಂದನ್ನು ಅಂಗಡಿಯವನ ಮೂಗಿಗೆ ಅಂಟಿಸಿದಳು. ಒಂದೂ ನೆಟ್ಟಗಿರಲಿಲ್ಲ. ಜೀವಮಾನದಲ್ಲಿ ಸೊಟ್ಟ ಅಂಟಿಸದ ಗೋಂದಜ್ಜ ಹಲ್ಲು ಕಚ್ಚಿ ಕುಂಚ ಹಿಡಿದುಕೊಟ್ಟರು. ಮೂಗಿನ ಮೇಲಿನ ಇರುವೆಗೆ ಮಾತ್ರ ನಗು ತಡೆಯಲಾಗಲಿಲ್ಲ.

ಕೊನೆಯ ಪುಟದ ಇರುವೆ ಸಿಗಲೇ ಇಲ್ಲ. ಮೂಟೆ ಕೊಡವಿದರು, ಚಾಪೆಯಡಿ ನೋಡಿದರು. ಗುಬ್ಬಿ ಯೋಚಿಸಿ ಬೀರುವಿನ ಕಡೆ ಬೆರಳು ಮಾಡಿದಳು.

“ಅದು ಅಲ್ಲಿಗೆ ಹೋಗಿರುತ್ತೆ. ಇರುವೆಗೇನು, ಬೀಗದ ತೂತಲ್ಲೇ ನುಗ್ಗುತ್ತೆ. ನಮಗೇ ಆಗಲ್ಲ.”

ಅಜ್ಜಿ ಕನ್ನಡಕದ ಡಬ್ಬಿಯನ್ನು ಮೆಲ್ಲಗೆ ಗಂಡನ ಕಡೆ ಸರಿಸಿದರು. ಗೋಂದಜ್ಜ ಎದ್ದು ಬೀಗ ತೆಗೆದರು. ಬಾಗಿಲು ಕಿರುಗುಟ್ಟಿತು.

“ಮೊದ್ಲು ಕೈ ತೊಳ್ಕೊಂಡು ಬಾ,” ಎಂದರು. ಅವಳು ಓಡಿದಳು. “ಒರೆಸ್ಕೋ,” ಎಂದು ಹಿಂದಿನಿಂದ ಕೂಗಿದರು.

ಆ ಇರುವೆ ಇನ್ನೂ ಸಿಕ್ಕಿಲ್ಲ. ಸಂಜೆಗೊಂದು ಪುಸ್ತಕದಂತೆ ಅಜ್ಜ ಮೊಮ್ಮಗಳು ಹುಡುಕುತ್ತಿದ್ದಾರೆ. ಮಗನೂ ಒಮ್ಮೊಮ್ಮೆ ಪಕ್ಕದಲ್ಲಿ ಕೂತು, ಇದರೊಳಗೆ ಇದಿತ್ತೇ ಎನ್ನುತ್ತಾನೆ. ಬೀರುವಿನ ಕೆಳಗಿನ ಸಾಲು ಈಗ ಗುಬ್ಬಿಯದು. ಹಾಳೆ ಹರಿದರೆ ಬಚ್ಚಿಡದೆ ಅಜ್ಜನಿಗೆ ತಂದುಕೊಡಬೇಕು; ಅಜ್ಜ ಬೈಯದೆ ಅಂಟಿಸಬೇಕು. ಕರಾರು ಇಬ್ಬರಿಗೂ ಒಪ್ಪಿಗೆ. ಅಂಗಡಿಗೆ ಮಕ್ಕಳ ಪುಸ್ತಕ ಬಂದರೆ ಗೋಂದಜ್ಜ ಕತ್ತರಿಸುವ ಯಂತ್ರದ ಪಕ್ಕ ನಿಂತು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಗಿರಾಕಿ ಗಡಿಬಿಡಿ ಮಾಡಿದರೆ, ತಾಳಪ್ಪ, ಅಂಚಿನಲ್ಲಿ ಯಾರಾದರೂ ಇದ್ದಾರಾ ನೋಡ್ತಿದ್ದೀನಿ ಎನ್ನುತ್ತಾರೆ.