ಕುಲಗೋಡದ ಬಾವಿಯ ಇಂಗಾಲ

ಗೆಳೆಯರೇ, ಇವತ್ತು ನಾನು ಏನೂ ತಪ್ಪು ಮಾಡದ ಒಂದು ಬಾವಿಯನ್ನು ಮುಚ್ಚಿಸುವವಳಿದ್ದೆ.

ಗೋಕಾಕದ ನಮ್ಮ ಲ್ಯಾಬಿನಲ್ಲಿ ನೀರಿನ ಇಂಗಾಲ ಅಳೆಯುವುದು ನನ್ನ ಕೆಲಸ. ಸುಣ್ಣಕಲ್ಲಿನಿಂದ ಬಂದ ನಿರವಯವ ಇಂಗಾಲವನ್ನು ಆಮ್ಲ ಹಾಕಿ ಮೊದಲೇ ಹಾರಿಸಿಬಿಡುತ್ತೇವೆ. ಉಳಿಯುವುದು ಸಾವಯವದ್ದು, ಎಂದರೆ ಗಿಡ, ಪ್ರಾಣಿಗಳಿಂದ ಬಂದದ್ದು. ಅದು ಹೆಚ್ಚಿದ್ದರೆ ಬಾವಿಗೆ ಚರಂಡಿಯೋ ಕೊಳೆತದ್ದೋ ಸೇರಿದೆ ಎಂದು ಅನುಮಾನ. ಕುಲಗೋಡದಿಂದ ಬಸ್ಸಿನಲ್ಲಿ ಬಂದ ಬಾಟಲಿಯದು ಯಂತ್ರದ ಮಿತಿಯನ್ನೇ ದಾಟಿತು. ಮತ್ತೊಮ್ಮೆ ಹಾಕಿ ನೋಡಿದೆ, ಆಗಲೂ ಅಷ್ಟೇ ಬಂತು. ಇಡೀ ಓಣಿ ಕುಡಿಯುವ ಬಾವಿ! ಸಿಟ್ಟಿನಲ್ಲೇ, ಬಾಟಲಿ ಕಳಿಸಿದ್ದ ಬಾವಿಯ ಮನೆಯ ಅಜ್ಜಿ, ನೀಲವ್ವ ಆಯಿಗೆ ಫೋನು ಹಚ್ಚಿದೆ.

“ಆಯಿ, ಬಾವ್ಯಾಗ ಏನ್ ಬಿದ್ದೈತ್ರಿ?”

“ಏನೂ ಬಿದ್ದಿಲ್ಲವಾ.”

“ಮತ್ತ ಬಾಟ್ಲ್ಯಾಗ ಏನರ ಹಾಕೀರೇನು?”

“ಚೂರ ಬೆಲ್ಲಾ ಹಾಕೇನಿ. ನೀ ಕುಡದ ನೋಡಾಕಿ ಅಲ್ಲೇನು? ಬರೇ ನೀರ ಹೆಂಗ ಕಳಸೂದವಾ?”

ಮನೆಗೆ ಬಂದವರಿಗೆ ನಮ್ಮ ಕಡೆ ಬೆಲ್ಲ ಕೊಟ್ಟೇ ನೀರು ಕೊಡುವುದು. ಯಂತ್ರಕ್ಕಂತೂ ಅದು ಗೊತ್ತಿಲ್ಲ, ನನಗೂ ಹೊಳೆಯಲಿಲ್ಲ. ಬೆಲ್ಲದಲ್ಲಿರುವ ಇಂಗಾಲವೆಲ್ಲ ಸಾವಯವದ್ದೇ.

“ನಾ ಕುಡಿಯೂದಿಲ್ರಿ ಆಯಿ, ಯಂತ್ರ ನೋಡತೈತಿ” ಎಂದೆ.

“ಹಂಗಾರ ನಾಳಿ ಯಂತ್ರಕ್ಕ ಬರೇ ನೀರ ಕಳಸ್ತೇನಿ. ನಿನಗ ಬೆಲ್ಲಾ ಬ್ಯಾರೆ ಕಟ್ಟತೇನಿ.”

‘ಕುಡಿಯಲು ಯೋಗ್ಯವಲ್ಲ’ ಎಂದು ಟೈಪು ಮಾಡಿಟ್ಟಿದ್ದ ವರದಿಯನ್ನು ಅಳಿಸಿದೆ. ಇಷ್ಟು ವರ್ಷಗಳಲ್ಲಿ ಈ ಲ್ಯಾಬಿಗೆ ಬಂದ ನೀರಿನಲ್ಲಿ, ನಾನು ಕುಡಿಯಲಿ ಎಂದು ಯಾರಾದರೂ ಕಳಿಸಿದ್ದು ಅದೊಂದೇ ಬಾಟಲಿ.