ಗಾಜಿನ ಬೀರುವಿನ ಬೂಟುಗಳು

ಬೀದರಿನ ನಮ್ಮ ಬೂಟಿನ ಅಂಗಡಿಯಲ್ಲಿ ಒಂದು ಗಾಜಿನ ಬೀರು ಇದೆ. ಅಂಗಡಿಯ ಹೊಣೆ ಹೊರುವವರು ಮೊದಲು ತಮ್ಮ ಕಾಲಿನ ಅಳತೆಗೆ ಒಂದು ಜೊತೆ ಹೊಲಿದು ಅದರಲ್ಲಿಡಬೇಕು, ಹಾಕಿಕೊಳ್ಳಬಾರದು. ನಿಜಾಮನ ಸವಾರರಿಗೆ ಹೊಲಿದುಕೊಟ್ಟ ಮುತ್ತಜ್ಜನದೂ, ಅಜ್ಜನದೂ, ಅಪ್ಪನದೂ ಅಲ್ಲಿವೆ. ಒಂದರ ಅಟ್ಟೆಗೂ ಬೀದಿಯ ಮಣ್ಣು ಸೋಕಿಲ್ಲ. ಗಿರಾಕಿಗಳ ಬೂಟುಗಳನ್ನು ಹೆಗಲಿಗೆ ತೂಗುಹಾಕಿಕೊಂಡು ಅವರು ಬರಿಗಾಲಲ್ಲಿ ಊರೂರು ತಿರುಗಿದರು. ಹೊಲಿಯುವ ಜಾತಿ ಬೂಟು ಮೆಟ್ಟಿ ನಡೆಯಕೂಡದೆಂದು ಊರುಗಳು ಬಡಿದು ಕಲಿಸಿದ್ದನ್ನು ನಮ್ಮ ಮನೆ ಪರಂಪರೆ ಎಂದು ಕರೆಯಿತು.

ಅಕ್ಕನ ಸರದಿ ಬಂದಾಗ ಅವಳು ಭಾಲ್ಕಿಯಿಂದ ತಂದ ಚರ್ಮದಲ್ಲಿ ತನ್ನ ಜೊತೆ ಹೊಲಿದಳು.

“ಬೀರುದಾಗ ಇಡವ್ವಾ, ಊರು ಇನ್ನಾ ಬದಲಾಗಿಲ್ಲ,” ಎಂದು ಅಪ್ಪ ಬೇಡಿಕೊಂಡ.

ಅವಳು ಅವನ್ನು ಹಾಕಿಕೊಂಡೇ ಹೊರಟಳು. ಔರಾದ ತಾಲ್ಲೂಕಿನ ಊರೊಂದರಲ್ಲಿ ನಿವೃತ್ತ ಸೈನಿಕರೊಬ್ಬರು ಹೇಳಿ ಮಾಡಿಸಿದ್ದ ಬೂಟುಗಳನ್ನು ತಲುಪಿಸಬೇಕಿತ್ತು. ನಾನೂ ಹೋದೆ. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಉಳಿದ ಊರುಗಳು ತಾವು ನಿರಪರಾಧಿಗಳೆಂದು ನೆಮ್ಮದಿಯಿಂದ ಇದ್ದುಬಿಡುತ್ತವೆ.

ಓಣಿಯ ಕಟ್ಟೆಯ ಮೇಲೆ ಕುಳಿತಿದ್ದವರಲ್ಲೊಬ್ಬ ಕೂಗಿದ: “ಏ, ಬೂಟ್ ಕೊಡ್ಲಾಕ ಬಂದೀಯೋ, ತೋರಸ್ಲಾಕ ಬಂದೀಯೋ?”

“ಎರಡೂ ಮಾಡ್ತೇನ್ರಿ,” ಎಂದಳು ಅಕ್ಕ. “ನಿಮ್ಮ ಅಳತಿ ಕೊಡ್ರಿ, ನಿಮಗೂ ಹೊಲೀತೇನಿ.”

ಅವನ ಪಕ್ಕದವನು ನಕ್ಕ. ಆ ನಗುವನ್ನು ಕೂಗಿದವನು ತಾಳಲಿಲ್ಲ. ಇಳಿದು ಬಂದು ಅಕ್ಕನ ಜಡೆ ಹಿಡಿದು ನೆಲಕ್ಕೆ ಕೆಡವಿದ. ಉಳಿದವರು ಅವಳ ಬೂಟು ಕಿತ್ತು, ಅವಳೇ ಮೊಳೆ ಬಡಿದಿದ್ದ ಹಿಮ್ಮಡಿಯಿಂದ ಅವಳ ಬಾಯಿಗೆ ಹೊಡೆದರು. ತುಟಿ ಸೀಳಿತು. ಬಿಡಿಸಲು ಹೋದ ನನ್ನ ಪಕ್ಕೆಗೆ ಒದೆ ಬಿತ್ತು. ಅವಳ ಬಲಗೈಯನ್ನು ಕಲ್ಲಿನ ಮೇಲಿಟ್ಟು ತುಳಿದಾಗ ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಆ ಸೈನಿಕರು ಎದುರಿನ ತಮ್ಮ ಮನೆಯ ಪಡಸಾಲೆಯಿಂದ ನೋಡಿ ಬಾಗಿಲು ಹಾಕಿಕೊಂಡರು.

ಹೊಡೆದದ್ದು ಅಪರಾಧ. ಬಾಗಿಲು ಹಾಕಿಕೊಂಡದ್ದೂ ಅಪರಾಧ. ದೂರು ಬರೆದುಕೊಳ್ಳುವ ಮೊದಲು, “ಆ ಓಣ್ಯಾಗ ಬೂಟ್ ಯಾಕ ಹಾಕ್ಕೊಂಡು ಹೋದಿ?” ಎಂದು ಅವಳನ್ನೇ ಕೇಳಿದ ಠಾಣೆಯದೂ ಅಪರಾಧ. ರಕ್ತ ಹತ್ತಿದ ಅವಳ ಬೂಟುಗಳು ಸಾಕ್ಷ್ಯದ ಮುದ್ದೆಮಾಲಾಗಿ ಠಾಣೆಯಲ್ಲೇ ಉಳಿದವು. ಸೈನಿಕರ ಬೂಟುಗಳು ಮಾತ್ರ ಚೀಲದಲ್ಲಿ ಹಾಗೇ ಮರಳಿ ಬಂದವು.

ಅಕ್ಕ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಂಗಡಿಯಲ್ಲಿ ಕುಳಿತಿದ್ದಾಗ ಸೈನಿಕರ ಫೋನು ಬಂತು. ಅಪ್ಪ ಎಲ್ಲರಿಗೂ ಕೇಳುವಂತೆ ಇಟ್ಟ.

“ಭಾಳ ಕೆಟ್ಟ ಆತ್ರಿ. ಬೂಟ್ ಮಾತ್ರ ಕಳಸ್ರಿ. ಹಿಂದಿನ ಬಾಗಿಲಿಗೆ ಬಂದ್ರ ಯಾರೂ ಏನೂ ಅನ್ನಂಗಿಲ್ಲ.”

ಅಪ್ಪ ಅಕ್ಕನತ್ತ ನೋಡಿದ. ಊದಿದ ತುಟಿಯಲ್ಲೇ ಅವಳು ಕೇಳಿದಳು: “ಅಂಗಡಿ ಇನ್ನಾ ನಂದೇ ಏನಪಾ? ನಂದಿದ್ರ, ಹಿಂದಿನ ಬಾಗಿಲಿಗೆ ಮಾಲ್ ಹೋಗಂಗಿಲ್ಲ.”

ಅಪ್ಪ ಬೀರು ತೆರೆದು ತನ್ನ ಬೂಟುಗಳನ್ನು ಹೊರತೆಗೆದ. ಚರ್ಮ ಕಟ್ಟಿಗೆಯಾಗಿತ್ತು, ಕಾಲು ಒಳಹೋಗಲಿಲ್ಲ. ಚರ್ಮ ಕೊಯ್ಯುವ ರಂಪಿಗೆಯಿಂದ ಹಿಮ್ಮಡಿಯ ಹೊಲಿಗೆ ಸೀಳುವಾಗ ಅಂಗೈ ಕೊಯ್ದುಕೊಂಡ. ಒರೆಸಿಕೊಳ್ಳದೆ ಕಾಲು ತುರುಕಿದ.

“ಮುಂದಿನ ಬಾಗಿಲಿಗೇ ಬರ್ತೇವ್ರಿ,” ಎಂದು ಫೋನಿಗೆ ಹೇಳಿ ಚೀಲ ಎತ್ತಿಕೊಂಡ.

ಅಕ್ಕ ಎಡಗೈಯಿಂದ ಮುತ್ತಜ್ಜನ ಬೂಟುಗಳನ್ನು ಎಳೆದುಕೊಂಡಳು. ಅವಳಿಗೆ ಅವು ದೊಡ್ಡವು. ನಾನು ಕುಳಿತು ಬಾರು ಬಿಗಿದೆ.